ಜರಡಿಕಲ್ಲಿಗೆ ತೂತಿಲ್ಲ

ಕೆಂಬೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಈಗಲೂ ಒಂದು ಕರಿಬಂಡೆ ನಿಂತಿದೆ. ಹೆಸರು ಜರಡಿಕಲ್ಲು, ಮೈಮೇಲೆ ಸೂಜಿ ಹೋಗುವಷ್ಟೂ ತೂತಿಲ್ಲ. ಕಥೆಗೆ ಸಾಕ್ಷಿ ಕೇಳಬಾರದು, ಕಂಡವರನ್ನೆಲ್ಲ ಕಡಲು ಎಂದೋ ನುಂಗಿದೆ. ಹಿಂದೆ ಒಮ್ಮೆ, ಯಾವ ದೊರೆಯ ಕಾಲವೆಂದು ಊರ ಹಿರಿಯರು ದಿನಕ್ಕೊಂದು ಹೇಳುತ್ತಾರೆ, ಘಟ್ಟದ ಬುಡದ ಕಡವಿನಿಂದ ಜಟ್ಟಿ ಅಂಬಿಗನೆಂಬವನು ಆಷಾಢದ ನೆರೆಯ ಜೊತೆ ತನ್ನ ದೋಣಿ ಇಳಿಸಿಕೊಂಡು ಬಂದನಂತೆ. ಅಳಿವೆಯಾಚೆ ಸುಣ್ಣಕುರ್ವೆ ದ್ವೀಪದಲ್ಲಿ ಅವನ ಒಬ್ಬಳೇ ಮಗಳು ಬೀರಮ್ಮ ಬಸುರಿ. ತಾಯಿಲ್ಲದ ಆ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿನ ದೋಣಿಯಲ್ಲೇ ಕರೆತರುವೆನೆಂದು ಮದುವೆಯ ದಿನವೇ ಮಾತು ಕೊಟ್ಟಿದ್ದ. ಕಡಲು ತಣಿಯಬೇಕು, ಏಳನೆಯ ತಿಂಗಳು ತುಂಬಬೇಕು. ದೋಣಿಯನ್ನು ಉಪ್ಪುನೀರಲ್ಲೇ ಕಟ್ಟಿ ಮೂರು ತಿಂಗಳು ಕಾದ.

ಕಡಲಿನವರು ಬಿಡುವಾದಾಗಲೆಲ್ಲ ದೋಣಿಯನ್ನು ಮರಳಿಗೆಳೆದು, ಒಣಗಿಸಿ, ಹೊನ್ನೆ ಎಣ್ಣೆ ಬಳಿಯುವವರು. ಅಲ್ಲಿನ ಮೀನುಗಾರ ಮಾಸ್ತಿ ಖಾರ್ವಿ ಸುಮ್ಮನಿರಲಾರದೆ ಹೇಳಿದ: "ಭಾವಾ, ಮೇಲೆ ಎಳೆಯೋ. ಉಪ್ಪುನೀರಿನ ಹುಳ ಹೊರಗೆ ಕಾಣೂದಿಲ್ಲ, ಹಲಗೇನ ಒಳಗೇ ಉಂಡು ಮುಗಿಸ್ತದೆ."

"ಅಂಬಿಗನ ದೋಣಿ ದಡ ಹತ್ತೂದು ಅಂವ ಸತ್ತ ದಿನ," ಎಂದ ಜಟ್ಟಿ. "ನನ್ನ ಹೆಣ ನೋಡೂಕೆ ಅಷ್ಟು ಅವಸರವೇನೋ?"

"ಹಾಗಾದ್ರೆ ನನ್ನ ದೋಣಿ ತಕಂಡು ಹೋಗು."

"ಮೀನು ನಾರೂ ದೋಣೀಲಿ ಬಸುರಿ ಕೂರ್ತಾಳೆಯೇ? ದಡ ಮುಟ್ಟೂದ್ರೊಳಗೆ ಕರುಳೂ ಕಾರ್ಕಂತಾಳೆ ಮಾರಾಯಾ!"

ದೀಪಾವಳಿ ಕಳೆದ ಬೆಳಿಗ್ಗೆ ಹೊರಟ. ಹೋಗುವಾಗ ಒಬ್ಬನದೇ ಭಾರ, ದೋಣಿ ತಡೆಯಿತು. ಬರುವಾಗ ಮಗಳು, ಅವಳ ಮಡಿಲು ತುಂಬಿದ ಅಕ್ಕಿ, ತೆಂಗಿನಕಾಯಿ. ಬಂಡೆಯ ಹತ್ತಿರ ಅಲೆಯೊಂದು ಬಡಿದದ್ದೇ ತಡ, ತಳದ ಹಲಗೆ ನೆನೆದ ಹಪ್ಪಳದಂತೆ ಕುಸಿಯಿತು. ಜಟ್ಟಿ ನೀರಲ್ಲೇ ಹೆಗಲು ಕೊಟ್ಟು ಮಗಳನ್ನು ಬಂಡೆ ಹತ್ತಿಸಿದ. "ಅಪ್ಪಾ, ಕೈ ಕೊಡು," ಎಂದು ಅವಳು ಬಾಗಿದಳು. "ಬಗ್ಗಬೇಡ ಮಗಾ, ಹೊಟ್ಟೆ ಒತ್ತತದೆ," ಎಂದನಂತೆ. ಮುಂದಿನ ಅಲೆ ಬಂದು ಹೋದಾಗ ಅವನಿರಲಿಲ್ಲ. ಮಾಸ್ತಿ ತನ್ನ ಮೀನುದೋಣಿ ತಂದು ಬೀರಮ್ಮನನ್ನು ಇಳಿಸಿಕೊಂಡ. ಮೂರನೆಯ ದಿನ ಮರಳಿಗೆ ಬಂದದ್ದು ಹೆಣವಲ್ಲ, ಒಂದು ಹಲಗೆ. ಎತ್ತಿ ಹಿಡಿದರೆ ಬಿಸಿಲು ನೂರು ಕಡೆ ತೂರುತ್ತಿತ್ತಂತೆ. ಸುಡಲು ದೇಹವಿಲ್ಲದೆ ಆ ಜರಡಿಯನ್ನೇ ಬಂಡೆಯ ಮೇಲೆ ಸುಟ್ಟರು. ಅಂದಿನಿಂದ ಅದು ಜರಡಿಕಲ್ಲು ಎನ್ನುತ್ತಾರೆ.

ಇಂದು ಅಳಿವೆಗೆ ಹೋದವರು ಬಂಡೆ ನೋಡಿ ತಿರುಗಿಬಿಡುತ್ತಾರೆ. ಸ್ವಲ್ಪ ನಿಂತರೆ ಇನ್ನೊಂದು ಕಂಡೀತು. ಸುಣ್ಣಕುರ್ವೆಯ ಬಸುರಿಯನ್ನು ತವರಿಗೆ ಒಯ್ಯಲು ಬಂದ ಅಪ್ಪ ಮೊದಲು ದೋಣಿಯನ್ನು ಮರಳಿಗೆಳೆಯುತ್ತಾನೆ. ಮಗಳೆದುರಿಗೇ ಮಂಡಿಯೂರಿ, ತಳದ ಹಲಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಾನೆ. ಅವನು ಏಳುವ ತನಕ ದಡದಲ್ಲಿ ಯಾರೂ ಮಾತಾಡುವುದಿಲ್ಲ.