ದ್ಯಾವೀರ ಉಪಕಾರ ಹೇಳಿದ್ದು

ಹತ್ರ ಬಂದು ಕೂತ್ಕೊಳ್ಳಿ, ಗೋಡೆಗೆ ಒರಗಿಕೊಳ್ಳಿ. ನಗು ಬಂದ್ರೆ ನಕ್ಕುಬಿಡಿ, ತಡೀಬೇಡಿ.

ಸೀಗೆಹಟ್ಟೀಲಿ ಪುಟ್ಟೀರಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ದ್ಯಾವೀರ. ಒಂದೇ ಎಮ್ಮೆ, ಹೆಸರು ನೇರಳೆ. ಎಮ್ಮೆ ಹಾಲು ಕೊಟ್ರೆ ಮನೇಲಿ ಊಟ, ಇಲ್ದಿದ್ರೆ ಇಲ್ಲ.

ದ್ಯಾವೀರ ಕೆಟ್ಟವನಲ್ಲ. ಮೈಗಳ್ಳನೂ ಅಲ್ಲ. ಅವ್ವ ಹೇಳಿದ ಮಾತು ಒಂದಕ್ಷರ ಮೀರೋನಲ್ಲ. ತೊಂದರೆ ಇದ್ದದ್ದೇ ಅಲ್ಲಿ! ‘ಒಲೆ ಮೇಲೆ ಹಾಲೈತೆ, ಉಕ್ಕೋದು ನೋಡು’ ಅಂತ ಹೇಳಿ ಅವ್ವ ನೀರಿಗೆ ಹೋದಳು. ದ್ಯಾವೀರ ಒಲೆ ಮುಂದೆ ಕೂತು ನೋಡಿದ. ಹಾಲು ಉಕ್ಕಿತು. ನೋಡಿದ. ಒಲೆ ಆರಿತು. ಅದನ್ನೂ ನೋಡಿದ.

“ಅವ್ವಾ, ಚೆನ್ನಾಗಿ ಉಕ್ಕಿತು ಕಣವ್ವ. ಕಣ್ಣು ಮಿಟುಕಿಸ್ದೆ ಪೂರ್ತಿ ನೋಡಿದೆ!”

ಇಂಥ ಮಗನ ಕೈಗೆ ಒಂದು ಮೊಬೈಲು ಬಂತು. ಡೈರಿ ಕಾರ್ಯದರ್ಶಿ ಅವನನ್ನ ವಾಟ್ಸಾಪ್ ಗ್ರೂಪಿಗೆ ಸೇರಿಸಿದ. ಎಮ್ಮೆ ಹಸು ಸಾಕೋರ ಗ್ರೂಪು ಅದು. ಯಾವ್ಯಾವುದೋ ಊರಿನ ಇನ್ನೂರು ಜನ. ಯಾರಾದ್ರೂ ಏನಾದ್ರೂ ಕೇಳಿದ್ರೆ, ತಿಳಿದೋರು ಹೇಳ್ತಾರೆ.

ಒಂದಿನ ನೇರಳೆ ಹಾಲು ಇಳಿಸಲಿಲ್ಲ. ಮಾರನೇ ದಿನವೂ ಇಲ್ಲ. ದ್ಯಾವೀರ ಗ್ರೂಪಲ್ಲಿ ಕೇಳಿದ. ಮಂಗಳಗೌರಿ ಅಂತ ಒಬ್ಬರು ಟೀಚರು, ಅವರ ಮನೇಲೂ ನಾಕು ಎಮ್ಮೆ. “ಕೆಚ್ಚಲನ್ನ ಬೆಚ್ಚಗಿನ ನೀರಲ್ಲಿ ತೊಳೀರಿ. ಮೊದಲು ಕರು ಬಿಡ್ರಿ. ದಿನಾ ಒಬ್ಬರೇ, ಒಂದೇ ಹೊತ್ತಿಗೆ ಕರೀರಿ” ಅಂದ್ರು. ಹಂಗೇ ಮಾಡಿದ್ರು. ಮೂರನೇ ದಿನಕ್ಕೆ ಬಿಂದಿಗೆ ತುಂಬ ಹಾಲು!

ಐದನೇ ದಿನ ಟೀಚರು ಕೇಳಿದ್ರು: “ದ್ಯಾವೀರ, ಏನಾಯ್ತಪ್ಪ ಎಮ್ಮೆ?” ದ್ಯಾವೀರ ಸುಮ್ಮನಿದ್ದ. ಆರನೇ ದಿನ ಮತ್ತೆ ಕೇಳಿದ್ರು. ಸುಮ್ಮನಿದ್ದ.

ಅವ್ವನಿಗೆ ಗೊತ್ತಾಯ್ತು. “ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದೋನೇ! ಯಾರೋ ಏನೋ, ನಿನ್ನ ಮುಖ ಕಂಡೋರಲ್ಲ, ನಿನ್ನ ಮನೆ ನೀರು ಕುಡಿದೋರಲ್ಲ. ಕೂತು ಬುದ್ಧಿ ಹೇಳಿದ್ರೆ ‘ಉಪಕಾರ ಆಯ್ತು’ ಅನ್ನಬಾರದೇನೋ? ಅದೇನು ಬಾಯಿ ಸವೆಯುತ್ತಾ?”

“ಅಂತೀನಿ ಕಣವ್ವ.”

“ಯಾರು ಮಾತಾಡಿದ್ರೂ ಅನ್ನು. ಒಬ್ಬರನ್ನೂ ಬಿಡಬ್ಯಾಡ!”

ದ್ಯಾವೀರ ಒಬ್ಬರನ್ನೂ ಬಿಡಲಿಲ್ಲ. ಒಬ್ಬ ‘ಶುಭೋದಯ’ ಅಂದ. ದ್ಯಾವೀರ ಬರೆದ: ಉಪಕಾರ ಆಯ್ತು. ಒಬ್ಬ ‘ನಮ್ಮ ಕಡೆ ಹಿಂಡಿ ಸಿಗ್ತಾ ಇಲ್ಲ’ ಅಂದ. ಉಪಕಾರ ಆಯ್ತು. ಒಬ್ಬ ‘ನಮ್ಮ ಸೀಮೆ ಹಸು ಬೆಳಗ್ಗೆ ತೀರಿಕೊಂಡಿತು, ಮನೇಲಿ ಯಾರೂ ಊಟ ಮಾಡಿಲ್ಲ’ ಅಂತ ಬರೆದ. ದ್ಯಾವೀರ ಕೈ ಮುಗಿಯೋ ಚಿತ್ರ ಎರಡು ಹಾಕಿ ಬರೆದ: ಭಾಳ ಉಪಕಾರ ಆಯ್ತು!

ಗ್ರೂಪೆಲ್ಲ ಉರಿದೆದ್ದಿತು. ಅವ್ವ ಹಣೆ ಚಚ್ಚಿಕೊಂಡಳು.

“ಹಸು ಸತ್ತೋರಿಗೆ ಉಪಕಾರ ಅಂತೀಯೇನೋ! ಎಲ್ಲಾರಿಗೂ ಅನ್ನೋದಲ್ಲ ಕಣ್ಲಾ. ನೀನು ಕೇಳಿರಬೇಕು, ಅವರು ಹೇಳಿರಬೇಕು. ಹೇಳಿದ ಮೇಲೆ ಅದನ್ನ ಮಾಡಿ ನೋಡಬೇಕು. ಮಾಡಿ ಏನಾಯ್ತು ಅಂತ ತಿಳಿಸಿ, ಆಮೇಲೆ ಉಪಕಾರ ಅನ್ನಬೇಕು. ತಿಳೀತಾ?”

“ತಿಳೀತು ಕಣವ್ವ. ಮಾಡಿ ನೋಡಿ ಅಂತೀನಿ.”

ಆ ವಾರ ನೇರಳೆ ಮೈಗೆ ರಕ್ತ ಹೀರೋ ಉಣ್ಣೆ ಹತ್ತಿತು. ದ್ಯಾವೀರ ಕೇಳಿದ. ಒಬ್ಬರು ಬೇವಿನೆಣ್ಣೆ ಅಂದ್ರು. ಹಚ್ಚಿದ. “ಹಚ್ಚಿದೆ. ಎಮ್ಮೆ ಮಿಂಚ್ತಾ ಐತೆ. ಉಪಕಾರ ಆಯ್ತು.” ಇನ್ನೊಬ್ಬರು ಅರಿಶಿನ ಅಂದ್ರು. ಎಣ್ಣೆ ಮೇಲೇ ಬಳಿದ. “ಬಳಿದೆ. ಎಮ್ಮೆ ಹಳದಿ ಆಯ್ತು. ಉಪಕಾರ ಆಯ್ತು.” ಮತ್ತೊಬ್ಬರು ಒಲೆ ಬೂದಿ ಅಂದ್ರು. ಎರಚಿದ. “ಎರಚಿದೆ. ಎಮ್ಮೆ ಸೀನ್ತು. ಉಪಕಾರ ಆಯ್ತು. ಮುಂದೇನು ಮಾಡಲಿ?”

ಮುಂದೇನು, ಮುಂದೇನು, ಮುಂದೇನು! ಬೆಳಗ್ಗಿಂದ ಗ್ರೂಪಲ್ಲಿ ಇದೇ ಆಯ್ತು. ಎಲೆದೊಡ್ಡಿ ಶಿವನಂಜಪ್ಪ ಅನ್ನೋರು ಒಬ್ಬರು ಹಿರೀಕರು. ದನದ ವಿಷಯದಲ್ಲಿ ಅವರ ಮಾತು ಅಂದ್ರೆ ಮಾತು. ಅವರಿಗೂ ತಲೆ ಕೆಟ್ಟಿತು.

“ಹೋಗಿ ಕೆರೆಗೆ ಬೀಳಪ್ಪ!” ಅಂದ್ರು.

ದ್ಯಾವೀರ ಎದ್ದ. ಕೆರೆ ಏರಿ ಮೇಲೆ ಹೋದ. ಮೊಬೈಲನ್ನ ಜೋಪಾನವಾಗಿ ಕಲ್ಲಿನ ಮೇಲಿಟ್ಟ. ಬಿದ್ದ. ಎದ್ದು ಬಂದು, ಕೈ ಒರೆಸಿಕೊಂಡು ಬರೆದ:

“ಬಿದ್ದೆ ಶಿವನಂಜಪ್ಪಣ್ಣ. ಮೊಣಕಾಲುದ್ದ ನೀರೈತೆ, ಉಳಿದದ್ದು ಕೆಸರು. ಉಣ್ಣೆ ಹೋಗಿಲ್ಲ. ಆದ್ರೂ ಉಪಕಾರ ಆಯ್ತು.”

ಗ್ರೂಪಲ್ಲಿ ನಕ್ಕೋರು ನಕ್ಕರು. ಶಿವನಂಜಪ್ಪ ಮಾತ್ರ ನಗಲಿಲ್ಲ.

ಕೆಸರು ಮೆತ್ತಿಕೊಂಡು ಬಂದ ಮಗನನ್ನ ಕಂಡು ಪುಟ್ಟೀರಮ್ಮ ಅಳಲೋ ಬೈಯಲೋ ಅಂತ ನಿಂತಳು. ಎರಡೂ ಮಾಡಿದಳು.

“ಇನ್ನೂರು ಜನ ಹೇಳಿದ್ದನ್ನೆಲ್ಲ ಮಾಡೋಕೆ ಹೋದ್ರೆ ನೀನೂ ಉಳಿಯಲ್ಲ, ಎಮ್ಮೇನೂ ಉಳಿಯಲ್ಲ! ಯಾವುದೋ ಒಂದು ಮಾಡು. ಮಿಕ್ಕೋರೂ ಪಾಪ ನಿನಗೋಸ್ಕರ ಹೊತ್ತು ಕಳೆದಿರ್ತಾರೆ. ಅವರಿಗೂ ಬೇಜಾರಾಗದಂಗೆ ಒಬ್ಬೊಬ್ಬರ ಹೆಸರು ಹಿಡಿದು ಹೇಳು. ಆದದ್ದು ಆದಂಗೆ ಹೇಳು. ಸುಳ್ಳು ಸೇರಿಸಬ್ಯಾಡ.”

“ಸೇರಿಸಲ್ಲ ಕಣವ್ವ.”

ಅವ್ವ ಎಮ್ಮೆ ತೊಳೆದು, ಒಂದೊಂದೇ ಉಣ್ಣೆ ಕಿತ್ತು, ಬೇವಿನೆಣ್ಣೆ ಒಂದನ್ನೇ ದಿನಾ ಹಚ್ಚಿದಳು. ವಾಸಿ ಆಯ್ತು. ದ್ಯಾವೀರ ಕೂತು ಒಬ್ಬೊಬ್ಬರಿಗೂ ಬರೆದ.

“ರುದ್ರಪ್ಪಣ್ಣ, ಉಪಕಾರ ಆಯ್ತು. ನೀವು ಹೇಳಿದ್ದು ಮಾಡಲಿಲ್ಲ, ಅದಕ್ಕೇ ಎಮ್ಮೆ ಉಳೀತು.”

“ಪಂಕಜಕ್ಕ, ಉಪಕಾರ ಆಯ್ತು. ನಿಮ್ಮ ಬೂದಿಯಿಂದ ಎಮ್ಮೆಗೆ ನೆಗಡಿ ಬಂತು. ಈಗ ಹೋಯ್ತು.”

“ಮಂಗಳಗೌರಿ ಟೀಚರೇ, ಉಪಕಾರ ಆಯ್ತು. ನೀವು ಬರೆದದ್ದು ಭಾಳ ಉದ್ದ ಇತ್ತು, ಓದಲಿಲ್ಲ.”

ಹೆಸರು ಹಿಡಿದೇ ಬರೆದ. ಆದದ್ದು ಆದಂಗೇ ಬರೆದ. ಒಂದು ಸುಳ್ಳೂ ಸೇರಿಸಲಿಲ್ಲ.

ಅವತ್ತಿಂದ ಗ್ರೂಪಲ್ಲಿ ದ್ಯಾವೀರನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ.

ಹಂಗೇ ಒಂದು ತಿಂಗಳಾಯ್ತು. ಒಂದು ಮಧ್ಯಾಹ್ನ ನೇರಳೆ ಕಟ್ಟು ಬಿಚ್ಚಿಕೊಂಡು ಎಳೆ ಅಲಸಂದೆ ಹೊಲಕ್ಕೆ ನುಗ್ಗಿ ಹೊಟ್ಟೆ ಬಿರಿಯೋಷ್ಟು ಮೇದು ಬಂತು. ಬಂದದ್ದೇ ಎಡಗಡೆ ಹೊಟ್ಟೆ ತಮಟೆ ಥರ ಬಿಗೀತು. ಬಾಯಲ್ಲಿ ನೊರೆ. ಉಸಿರು ಎಳೀತಾ ಇತ್ತು. ದನದ ಡಾಕ್ಟರಿಗೆ ಫೋನು ಮಾಡಿದ್ರೆ, ‘ದೂರದ ಊರಲ್ಲಿದ್ದೀನಿ, ಹೊರಟೆ, ಒಂದು ಗಂಟೆ ಆಗುತ್ತೆ’ ಅಂದ್ರು. ಎಮ್ಮೆ ಒಂದು ಗಂಟೆ ತಡೆಯೋ ಹಂಗಿರಲಿಲ್ಲ.

ದ್ಯಾವೀರ ಗ್ರೂಪಲ್ಲಿ ಬರೆದ. ಯಾರೂ ಮಾತಾಡಲಿಲ್ಲ. ಮತ್ತೆ ಬರೆದ. ಇಲ್ಲ.

“ಅವ್ವಾ, ಎಲ್ಲಾರೂ ನೋಡ್ತಾವ್ರೆ ಕಣವ್ವ, ಯಾರೂ ಮಾತಾಡ್ತಿಲ್ಲ” ಅಂದ. ಎಮ್ಮೆ ಕತ್ತು ತಬ್ಬಿಕೊಂಡು ನಿಂತುಬಿಟ್ಟ.

ಪುಟ್ಟೀರಮ್ಮ ಜನ್ಮದಲ್ಲಿ ಮೊಬೈಲು ಮುಟ್ಟಿದೋಳಲ್ಲ. ಇಸ್ಕೊಂಡಳು. “ಎಲ್ಲಿ ಮಾತಾಡಬೇಕೋ?” ಅಂದಳು. ಗ್ರೂಪಿಗೆ ದನಿ ಕಳಿಸೋ ಗುಂಡಿ ಅವನು ತೋರಿಸಿದ.

“ಸ್ವಾಮಿ, ನಾನು ದ್ಯಾವೀರನ ಅವ್ವ. ನನ್ನ ಮಗನಿಗೆ ಹೆಂಗೆ ಮಾತಾಡಬೇಕು ಅಂತ ಗೊತ್ತಾಗಲ್ಲ. ಅವನು ಆಡಿದ್ದೆಲ್ಲ ನಾನೇ ಹೇಳಿಕೊಟ್ಟಿದ್ದು, ಹೇಳಿಕೊಟ್ಟಿದ್ದು ಸರಿ ಇರಲಿಲ್ಲ. ತಪ್ಪು ನಂದು. ಎಮ್ಮೆ ಹೊಟ್ಟೆ ಉಬ್ಬೈತೆ. ನನ್ನ ಕಣ್ಣ ಮುಂದೆ ಸಾಯ್ತಾ ಐತೆ.”

ಅರ್ಧ ನಿಮಿಷ ಆಗಿಲ್ಲ, ಮೊಬೈಲು ಹೊಡಕೊಂತು. ಎಲೆದೊಡ್ಡಿ ಶಿವನಂಜಪ್ಪ!

“ಮಲಗೋಕೆ ಬಿಡಬ್ಯಾಡಿ ತಾಯಿ! ಮುಂಗಾಲು ಎರಡೂ ತಿಪ್ಪೆ ಮೇಲೆ ಬರಂಗೆ ಎತ್ತರಕ್ಕೆ ನಿಲ್ಲಿಸಿ. ಬಾಯಿಗೆ ಅಡ್ಡಡ್ಡ ಒಂದು ಕೋಲು ಕಟ್ಟಿ, ಅಗೀತಾ ಇರಲಿ. ಎಡಗಡೆ ಹೊಟ್ಟೆ ನೀವಿ. ಡಾಕ್ಟರು ಬರೋಗಂಟ ನಾನು ಫೋನು ಇಡಲ್ಲ.”

ಇಡಲಿಲ್ಲ. ‘ಹೊಟ್ಟೆ ನೀವು, ಹೊಟ್ಟೆ ನೀವು’ ಅಂತ ಅಲ್ಲಿಂದ ಹೇಳ್ತಾನೇ ಇದ್ರು. ದ್ಯಾವೀರ ಇಲ್ಲಿ ನೀವ್ತಾನೇ ಇದ್ದ. ಹೇಳಿದಷ್ಟು ಮಾಡೋದ್ರಲ್ಲಿ ಅವನನ್ನ ಮೀರಿಸೋರು ಯಾರು? ಮುಕ್ಕಾಲು ಗಂಟೆ ಕೈ ನಿಲ್ಲಿಸಲಿಲ್ಲ. ಕೊನೆಗೆ ನೇರಳೆ ಒಂದು ದೊಡ್ಡ ತೇಗು ತೇಗಿತು. ಆಮೇಲೆ ಇನ್ನೊಂದು. ಡಾಕ್ಟರು ಬಂದು ಔಷಧಿ ಕುಡಿಸಿ, “ಇಷ್ಟೊತ್ತು ನಿಲ್ಲಿಸ್ಕೊಂಡಿದ್ದೇ ಬದುಕಿಸ್ತು” ಅಂದ್ರು.

“ಶಿವನಂಜಪ್ಪನೋರೇ…” ಅಂದಳು ಪುಟ್ಟೀರಮ್ಮ. ಮೊಬೈಲಿಗೇ ಕೈ ಮುಗಿದಳು.

“ಇರಲಿ ತಾಯಿ. ನಿಮ್ಮ ಹುಡುಗನ್ನ ಕೆರೆಗೆ ಬೀಳು ಅಂದಿದ್ದೆ. ಅವತ್ತಿಂದ ಅನ್ನ ರುಚಿಸಿರಲಿಲ್ಲ” ಅಂದ್ರು ಅವರು.

ಮಾರನೇ ದಿನ ಅವ್ವ ಒಬ್ಬಟ್ಟು ಮಾಡಿದಳು. ಮಗನನ್ನ ಎದುರಿಗೆ ಕೂರಿಸಿಕೊಂಡಳು.

“ಈ ಸಲ ಮೊಬೈಲಲ್ಲಿ ಬ್ಯಾಡ. ಎಲೆದೊಡ್ಡಿಗೆ ಹೋಗು. ಯಾರು ಯಾರಿಗೋ ಹೇಳಿ ಬರಬ್ಯಾಡ. ಮೊಬೈಲಲ್ಲಿ ಅವರ ಹೆಸರ ಪಕ್ಕ ಮುಖ ಇರುತ್ತಂತಲ್ಲ, ಹೋಲಿಸಿ ನೋಡು. ಅದೇ ಮುಖ ಅಂತ ಖಾತ್ರಿ ಆದ ಮೇಲೆ ಕಾಲಿಗೆ ಬಿದ್ದು ‘ಉಪಕಾರ ಆಯ್ತು’ ಅನ್ನು. ಒಬ್ಬಟ್ಟು ಬೇರೆಯೋರ ಕೈಗೆ ಕೊಡಬ್ಯಾಡ, ಅವರೇ ತಿನ್ನೋದು ನೋಡಿ ಬಾ.”

“ಬರ್ತೀನಿ ಕಣವ್ವ.”

ಬಸ್ಸು ಹತ್ತಿದ, ಎಲೆದೊಡ್ಡೀಲಿ ಇಳಿದ, ಮನೆ ಕೇಳ್ಕೊಂಡು ಹೋದ. ಜಗಲಿ ಮೇಲೆ ಬಿಳೀ ಮೀಸೆಯೋರೊಬ್ಬರು ಕೂತಿದ್ರು. “ಯಾರಪ್ಪಾ, ದ್ಯಾವೀರನಾ? ಬಾ ಬಾ, ನಾನೇ ಶಿವನಂಜಪ್ಪ” ಅಂತ ಎದ್ದು ಬಂದ್ರು.

ದ್ಯಾವೀರ ಮೊಬೈಲು ತೆಗೆದ. ಚಿತ್ರ ನೋಡಿದ. ಅವರ ಮುಖ ನೋಡಿದ. ಮತ್ತೆ ಚಿತ್ರ ನೋಡಿದ.

“ನೀವಲ್ಲ” ಅಂದ.

“ನಾನೇ ಕಣಯ್ಯ!”

“ಸುಳ್ಳು ಹೇಳಬ್ಯಾಡಿ ಯಜಮಾನ್ರೇ. ಕೊಂಬೆಲ್ಲಿ ನಿಮಗೆ?”

ಅವರು ಒಬ್ಬಟ್ಟಿನ ಗಂಟಿಗೆ ಕೈ ಚಾಚಿದ್ರೂ ಕೊಡದೆ ಇವನು ಸೀದಾ ಕೊಟ್ಟಿಗೆಗೆ ನಡೆದ. ಅಲ್ಲಿ ನಿಂತಿತ್ತು, ಅವರು ಪ್ರೀತಿಯಿಂದ ಸಾಕಿ, ಮೊಬೈಲಲ್ಲಿ ತಮ್ಮ ಹೆಸರ ಪಕ್ಕ ಚಿತ್ರ ಹಾಕ್ಕೊಂಡಿದ್ದ ಬಿಳೀ ಹೋರಿ. ಅದೇ ಹಣೆ, ಅದೇ ಕೊಂಬು, ಅದೇ ಮುಖ! ದ್ಯಾವೀರ ಮೂರು ಸಲ ಹೋಲಿಸಿದ. ಖಾತ್ರಿ ಆಯ್ತು. ಗಂಜಳದಲ್ಲೇ ಉದ್ದಕ್ಕೆ ಕಾಲಿಗೆ ಬಿದ್ದ.

“ಶಿವನಂಜಪ್ಪಣ್ಣಾ, ಉಪಕಾರ ಆಯ್ತು!”

ಹನ್ನೆರಡು ಒಬ್ಬಟ್ಟನ್ನೂ ಬಾಯಿಗಿಟ್ಟ. ಹೋರಿ ಹನ್ನೆರಡನ್ನೂ ತಿಂದು ಅವನ ತಲೆ ನೆಕ್ಕಿತು.

ಸಂಜೆ ಅವ್ವ ಬಾಗಿಲಲ್ಲೇ ಕಾಯ್ತಾ ಇದ್ದಳು. “ಕಂಡೇನೋ? ಹೇಳಿದೇನೋ? ಏನಂದ್ರು?”

“ಭಾಳ ದೊಡ್ಡೋರು ಕಣವ್ವ. ಒಂದು ಮಾತು ಜಂಬದ್ದಿಲ್ಲ. ಕೊಟ್ಟಿದ್ದನ್ನೆಲ್ಲ ತಿಂದು ತಲೆ ನೆಕ್ಕಿ ಆಶೀರ್ವಾದ ಮಾಡಿದ್ರು. ಅವರ ಮನೇಲಿ ಒಬ್ಬ ಮುದುಕ ಆಳು ಅವ್ನೆ, ತಾನೇ ಶಿವನಂಜಪ್ಪ ಅಂತ ಒಬ್ಬಟ್ಟಿಗೆ ಕೈ ಚಾಚ್ದ. ನಾನು ಕೊಡ್ತೀನಾ?”

ಪುಟ್ಟೀರಮ್ಮ ಹೊಸ್ತಿಲ ಮೇಲೇ ಕೂತುಬಿಟ್ಟಳು.

“ಅಲ್ಲವೋ, ಏನಂತ ತಿಳ್ಕೊಂಡೆ ನೀನು…”

“ನೀನೇ ಯೋಚನೆ ಮಾಡವ್ವ” ಅಂದ ದ್ಯಾವೀರ, ಕಾಲು ತೊಳ್ಕೊತಾ. “ಎಮ್ಮೆ ಹೊಟ್ಟೇಲಿ ಏನಾಗ್ತೈತೆ ಅಂತ ಅಷ್ಟು ಸರಿಯಾಗಿ ಹೇಳಿದ್ರಲ್ಲ, ಮನುಷ್ಯರಾಗಿದ್ರೆ ಗೊತ್ತಾಗ್ತಿತ್ತಾ?”