ಬಿಸಿ ದಾಟುವ ದಾರಿ

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಅಲ್ಲಿನ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಮಂತ್ರಕ್ಕಿಂತ ಹೆಚ್ಚಾಗಿ ಕೆಟ್ಟ ಯಂತ್ರ ರಿಪೇರಿ ಮಾಡುವುದನ್ನೇ ಕಲಿಸುತ್ತಿದ್ದರು.

ಶಂಭುಲಿಂಗ ಅವರ ಶಿಷ್ಯ. ತಾಯಿಯಿಲ್ಲದ ಅವನನ್ನು ಉಣಿಸಿ ಬೆಳೆಸಿದವಳು ಮಠದ ಅಡುಗೆಯ ನೀಲವ್ವ. ಆಕೆಗೀಗ ಉಸಿರಾಟದ ಯಂತ್ರವೇ ಗತಿ. ಆ ಯಂತ್ರವೋ, ಸ್ವಲ್ಪ ಹೊತ್ತು ಓಡಿ, ಒಳಗಿನ ಚಿಪ್ ಕಾದು ನಿಂತೇಬಿಡುತ್ತಿತ್ತು. ಆಕೆ ಏದುಸಿರು ಬಿಡುವುದನ್ನು ನೋಡಲಾರದೆ ಶಂಭುಲಿಂಗ ತಾನೇ ಅದರ ರಿಪೇರಿಗೆ ಕುಳಿತ.

ಚಿಪ್‌ನ ಬಿಸಿ ಮೇಲಿನ ಲೋಹದ ಮುಚ್ಚಳಕ್ಕೆ ದಾಟಬೇಕಾದರೆ ನಡುವೆ ಒಂದು ಮೆತ್ತನೆಯ ಪದರ ಬೇಕು. ರಬ್ಬರಿನಂಥ ಅಂಟಿಗೆ ಬಿಸಿ ಒಯ್ಯುವ ಬಿಳಿ ಪುಡಿ ಕಲಸಿ ಅದನ್ನು ಮಾಡಬೇಕು.

ಅವನು ಚೂರೇ ಚೂರು ಪುಡಿ ಹಾಕಿ, ಒಂದು ಕಣ ಇನ್ನೊಂದಕ್ಕೆ ತಾಗದಂತೆ ಕಲಸಿದ. ಮಠದ ಪಂಕ್ತಿಯಲ್ಲೂ ಹಾಗೇ ಅಲ್ಲವೇ, ಮೈಗೆ ಮೈ ತಾಗದಂತೆ ಕೂರುವುದು? ಶಿಸ್ತು ಅಂದರೆ ಇದು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ. ಯಂತ್ರ ಮತ್ತೆ ನಿಂತಿತು.

ಅಜ್ಜಾರು ಬೈಯಲಿಲ್ಲ. ಊಟದ ಹೊತ್ತಿಗೆ ಶಿಷ್ಯರನ್ನು ಅಡುಗೆಮನೆಯಿಂದ ನೀಲವ್ವನ ಕೋಣೆಯವರೆಗೆ ಸಾಲಾಗಿ ಕೂರಿಸಿ, ಯಾರೂ ಏಳದೆ ಆಕೆಗೆ ಬಿಸಿ ರೊಟ್ಟಿ ಮುಟ್ಟಿಸಿ ಎಂದರು.

ರೂಢಿಯಂತೆ ಎಲ್ಲರೂ ದೂರ ದೂರ ಕುಳಿತಿದ್ದರು. ಕೈ ಎಟುಕದೆ ರೊಟ್ಟಿ ನೆಲಕ್ಕೆ ಬಿತ್ತು. ಅಜ್ಜಾರು ಇನ್ನಷ್ಟು ಜನರನ್ನು ಕರೆದು, ಭುಜಕ್ಕೆ ಭುಜ ತಾಗುವಂತೆ ನಡುನಡುವೆ ಕೂರಿಸಿದರು. ಈ ಸಲ ರೊಟ್ಟಿ ಬಿಸಿಬಿಸಿಯಾಗೇ ನೀಲವ್ವನ ಕೈ ಸೇರಿತು.

ಶಂಭುಲಿಂಗ ಎದ್ದವನೇ ಓಡಿದ. ಇದ್ದಬದ್ದ ಪುಡಿಯನ್ನೆಲ್ಲ ಸುರಿದ. ಅತಿ ಆಸೆ ಗತಿಗೇಡು ಅಂತಾರಲ್ಲ, ಪದರ ಒಣಮಣ್ಣಿನ ಹಾಗೆ ಉದುರಿಹೋಯಿತು.

"ಅಂಟು ಎಲ್ಲೈತಿ?" ಅಜ್ಜಾರು ಕೇಳಿದರು.

"ಅದು ಬಿಸಿ ಒಯ್ಯಂಗಿಲ್ಲರಿ ಅಜ್ಜಾರ. ಅದಕ್ಕ ಕಡಿಮಿ ಮಾಡಿದೆ."

"ಎಲ್ಲಾರನ್ನೂ ಹಿಡದು ಕೂಡಿಸೋರು ಬ್ಯಾಡೇನು?"

ಮತ್ತೆ ಕಲಸಿದ. ಪುಡಿ ಒಂದಕ್ಕೊಂದು ತಾಗುವಷ್ಟು, ಅಂಟು ಹಿಡಿದಿಡುವಷ್ಟು.

ಯಂತ್ರ ನಿಲ್ಲಲಿಲ್ಲ. ಸಂಜೆಯಾದರೂ ಓಡುತ್ತಲೇ ಇತ್ತು. ಎಷ್ಟೋ ದಿನದ ಮೇಲೆ ನೀಲವ್ವ ನೆಮ್ಮದಿಯಿಂದ ನಿದ್ದೆ ಹೋದಳು. ಅದನ್ನು ನೋಡಿ ಶಂಭುಲಿಂಗನಿಗೆ ಸಂತೋಷಕ್ಕೆ ಅಳುವೇ ಬಂತು. ಸೀದಾ ಹೋಗಿ ಅಜ್ಜಾರ ಕಾಲು ಹಿಡಿದ.

"ನನ್ನ ಸಾಕಿದಾಕಿ ಉಸಿರು ಉಳೀತರಿ ಅಜ್ಜಾರ. ಆಕಿ ಉಣಿಸಿದ ಋಣ ಇವತ್ತ ತೀರಿತೇನ್ರಿ?"

ಅಜ್ಜಾರು ಅವನನ್ನು ಎಬ್ಬಿಸಿ, ಕಣ್ಣೊರೆಸಿದರು.

"ಆಕಿ ಕೊಟ್ಟ ಬಿಸಿ ನಿನ್ನಲ್ಲೇ ಯಾಕ ನಿಲ್ಲಿಸ್ತಿ, ತಮ್ಮಾ? ಬಾಗಲಾಗ ಯಾರೋ ಹಸದು ನಿಂತಾರ. ಹೋಗಿ ಬಿಸಿ ರೊಟ್ಟಿ ನೀಡು."