ನಾಯಿ ಅಂಡು ಎಳೆದುಕೊಂಡು ಹೋಗುವುದೇಕೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರಲಿಲ್ಲ. ಕುರಿ, ನಾಯಿ, ಗಾಳಿ ಎಲ್ಲವೂ ಮಾತಾಡುತ್ತಿದ್ದವು. ಗಾಳಿ ಸ್ವಲ್ಪ ಹೆಚ್ಚೇ ಮಾತಾಡುತ್ತಿತ್ತು.

ಆಗ ಕುರಿ ಕಾಯುತ್ತಿದ್ದವಳು ಬೀರವ್ವ. ಅವಳಿಗೊಂದು ನಾಯಿ. ಇಬ್ಬರಿಗೂ ಒಂದೇ ತಟ್ಟೆ, ಒಂದೇ ಕಂಬಳಿ.

ಒಮ್ಮೆ ಕುರಿ ಕೊಯ್ದಾಗ ಅದರ ಕಲಿಜದ, ಅಂದರೆ ಯಕೃತ್ತಿನ, ತುಂಬ ಬಿಳಿ ನೀರುಗುಳ್ಳೆಗಳು ಕಂಡವು.

"ಥೂ, ಇದನ್ನ ನಾ ತಿನ್ನಂಗಿಲ್ಲ. ನೀ ತಿನ್ನೋ ನನ್ನ ರಾಜಾ," ಎಂದು ಬೀರವ್ವ ಹಸಿಯಾಗಿಯೇ ನಾಯಿಗೆ ಎಸೆದಳು.

ಗುಳ್ಳೆಯೊಳಗೆ ಹುಳು ಮಲಗಿತ್ತು. ನಾಯಿಯ ಹೊಟ್ಟೆಗೆ ಬಿದ್ದದ್ದೇ ತಡ, ಎದ್ದು ಕೂತಿತು.

"ಅಬ್ಬಾ! ಆ ಕುರಿ ಹುಲ್ಲು ಬಿಟ್ರ ಬ್ಯಾರೆ ಮಾತ ಆಡ್ತಿರಲಿಲ್ಲ. ಈ ನಾಯಿ ಯಜಮಾನಿ ಮಾರೀನ ನೆಕ್ಕತೈತಿ! ಇಲ್ಲೇ ತತ್ತಿ ಇಡ್ತೀನಿ. ಅವು ಇದರ ಕೂದಲಿಗೆ, ನಾಲಿಗಿಗೆ ಅಂಟಿ ಅವಳ ಹೊಟ್ಟಿ ಸೇರ್ಲಿ. ಅವಳ ಕಲಿಜದಾಗ ನನ್ನ ಮಕ್ಕಳು ಗುಳ್ಳಿ ಕಟ್ಲಿ!"

ಇದು ಗಾಳಿಗೆ ಕೇಳಿಸಿತು. ಗಾಳಿಯ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಗುಡ್ಡಕ್ಕೆಲ್ಲ ಸುದ್ದಿಯಾಯಿತು.

"ಯವ್ವಾ, ನಿನ್ನ ಜೀವಕ್ಕ ಕುತ್ತು. ಆ ನಾಯೀನ ಅಟ್ಟಿಬಿಡು," ಎಂದವು ಕುರಿಗಳು.

"ಅಟ್ತೀನಿ. ತೋಳ ಬಂದ್ರ ಮುಂದ ನಿಲ್ಲೋರು ಯಾರು, ಕೈ ಎತ್ರಿ."

ಕುರಿಗಳು ತಲೆ ತಗ್ಗಿಸಿ ಮೇಯತೊಡಗಿದವು.

ನಾಯಿ ಬಾಲ ಮುದುರಿಕೊಂಡು ಬಂತು. "ನನ್ನ ಬಿಟ್ಟುಬಿಡ್ತೀಯೇನವ್ವಾ?"

"ಬಿಡಂಗಿಲ್ಲ. ಆದ್ರ ಇವತ್ತಿಂದ ನಿನ್ನ ತಟ್ಟಿ ಬ್ಯಾರೆ, ಕಂಬಳಿ ಬ್ಯಾರೆ. ಮಾರಿ ನೆಕ್ಕೂದು ಬಂದ್. ಗುಳ್ಳಿ ಕಲಿಜ ಬೆಂಕಿಗೆ. ಒಳಗಿನ ಹುಳಾನ ನೀನ ಹೊರಗ ಹಾಕು."

"ಹೆಂಗ ಹಾಕ್ಲಿ? ಕೊಕ್ಕಿ ಹಾಕಿ ಹಿಡಕೊಂಡೈತಿ!"

"ಹೆಂಗರ ಹಾಕು!"

ನಾಯಿ ಕೆಮ್ಮಿತು. ಕುಣಿಯಿತು. ಹುಲ್ಲು ತಿಂದು ಕಾರಿತು. ಹುಳು ಜಗ್ಗಲಿಲ್ಲ. ಕೊನೆಗೆ ನೆಲಕ್ಕೆ ಅಂಡೂರಿ, ಮುಂಗಾಲಲ್ಲಿ ಎಳೆದುಕೊಂಡು ಇಳಿಜಾರಲ್ಲಿ ಜರ್ರನೆ ಜಾರಿತು.

"ಏ ಮೆಲ್ಲಕ! ಮೆಲ್ಲಕ!" ಹುಳು ಕಿರುಚಿತು. ಪಟ್ಟನೆ ಹರಿಯಿತು. ಹುಳುವಿನ ಬಾಲದ ಕಡೆಯ ಅರ್ಧ, ತತ್ತಿಗಳ ಸಮೇತ, ಹುಲ್ಲಿಗೆ ಬಿತ್ತು. ತಲೆಯ ಕಡೆಯ ಅರ್ಧ ಒಳಗೇ ಉಳಿಯಿತು. ನಗುತ್ತ ನಿಂತಿದ್ದ ಕುರಿಗಳು ನಗುತ್ತಲೇ ಆ ಹುಲ್ಲನ್ನೂ ಮೇಯ್ದವು; ತತ್ತಿಗಳು ಮತ್ತೆ ಕುರಿಗಳ ಹೊಟ್ಟೆ ಸೇರಿದವು.

"ಸೋತೆ ಅನ್ನು ಬೀರವ್ವಾ," ಎಂದಿತು ಗಾಳಿ.

"ಯಾರು ಸೋತಾಕಿ?" ಬೀರವ್ವ ಹಳ್ಳಕ್ಕೆ ಹೋಗಿ, ಬೂದಿ ಹಚ್ಚಿ ಕೈಯನ್ನು ಮೊಣಕೈವರೆಗೆ ತಿಕ್ಕಿ ತೊಳೆದಳು. ಆಮೇಲೆಯೇ ರೊಟ್ಟಿ ಮುರಿದಳು. ನಾಯಿ ಪಕ್ಕದಲ್ಲೇ ಕೂತು ತನ್ನ ತಟ್ಟೆಯಲ್ಲಿ ಉಂಡಿತು.

ಒಳಗುಳಿದ ಆ ಅರ್ಧ ಹುಳು ಇನ್ನೂ ಹಟ ಬಿಟ್ಟಿಲ್ಲ. ಅದಕ್ಕೇ ಕಂದಾ, ಇವತ್ತಿಗೂ ನಾಯಿ ಇದ್ದಕ್ಕಿದ್ದಂತೆ ಅಂಡೂರಿ ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ; ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ನಕ್ಕು ಮುಗಿದ ಮೇಲೆ ಕೈ ತೊಳೆದುಕೊಂಡೇ ಊಟಕ್ಕೆ ಕೂರುತ್ತಾರೆ.